ರನ್‌ವೇ ಉದ್ದವಿದ್ದರೆ ಸಾಲದು

ದುಬೈನಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು 2010ರ ಮೇ 22ರ ಬೆಳಗ್ಗೆ ಬಜ್ಪೆಯಲ್ಲಿ ರನ್‌ವೇ ದಾಟಿ ಕಮರಿಗೆ ಉರುಳಿತು. 158 ಮಂದಿ ಅಸುನೀಗಿದರು. ಬದುಕುಳಿದವರು ಎಂಟೇ ಮಂದಿ. ಗುಡ್ಡದ ನೆತ್ತಿಯ ‘ಟೇಬಲ್‌ಟಾಪ್’ ರನ್‌ವೇಯತ್ತ ಎಲ್ಲರೂ ಬೆರಳು ತೋರಿದರು. ಆದರೆ 2,450 ಮೀಟರ್ ಉದ್ದದ ಆ ರನ್‌ವೇ ಬೋಯಿಂಗ್ 737 ವಿಮಾನಕ್ಕೆ ಸಾಕಾಗುವಷ್ಟಿತ್ತು.

ತನಿಖೆ ಬೇರೆಯದನ್ನೇ ಹೇಳಿತು. ವಿಮಾನವು ಇರಬೇಕಾದುದಕ್ಕಿಂತ ಎತ್ತರದಲ್ಲಿ, ಹೆಚ್ಚಿನ ವೇಗದಲ್ಲಿ ಬಂದಿತ್ತು. ಸುಮಾರು 300 ಮೀಟರ್ ಆಸುಪಾಸಿನಲ್ಲಿ ನೆಲ ಮುಟ್ಟಬೇಕಾದ ಚಕ್ರಗಳು 1,600 ಮೀಟರ್ ಸಮೀಪದಲ್ಲಿ ಮುಟ್ಟಿದವು. ಪ್ರಯಾಣದ ವೇಳೆ ದೀರ್ಘ ಹೊತ್ತು ನಿದ್ರಿಸಿದ್ದ ಕ್ಯಾಪ್ಟನ್, ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರುವಂತೆ ಸಹ ಪೈಲಟ್ ಪದೇ ಪದೇ ಹೇಳಿದರೂ ಕಿವಿಗೊಡಲಿಲ್ಲ. ಹೀಗೆ ಮೇಲೇರುವುದಕ್ಕೆ ‘ಗೋ ಅರೌಂಡ್’ ಎನ್ನುತ್ತಾರೆ. ಪ್ರಯಾಣಿಕರಿಗೆ ಗಾಬರಿ ಹುಟ್ಟಿಸಿದರೂ ಅದು ಪೈಲಟ್‌ನ ಸೋಲಲ್ಲ, ಎಚ್ಚರಿಕೆ.

ನೆಲ ಮುಟ್ಟಿದ ಮೇಲೂ ಅವಕಾಶವಿತ್ತು. ಆಗಲೇ ಪೂರ್ಣ ಬ್ರೇಕ್ ಹಾಕಿ, ಎಂಜಿನ್‌ಗಳ ಹಿಮ್ಮುಖ ಒತ್ತಡವನ್ನು ಬಳಸಿದ್ದರೆ ವಿಮಾನ ಅಂಚಿಗೆ ಮೊದಲೇ ನಿಲ್ಲಬಹುದಿತ್ತು ಎಂದು ವರದಿ ಹೇಳಿದೆ. ಆದರೆ ಹಿಮ್ಮುಖ ಒತ್ತಡ ಆರಂಭಿಸಿದ ಕ್ಯಾಪ್ಟನ್ ಮರುಕ್ಷಣ ಮೇಲೇರಲು ಯತ್ನಿಸಿದರು. ನಿಯಮ ಇದನ್ನು ಸ್ಪಷ್ಟವಾಗಿ ನಿಷೇಧಿಸುತ್ತದೆ.

ಹತ್ತು ವರ್ಷಗಳ ಬಳಿಕ, 2020ರ ಆಗಸ್ಟ್ 7ರಂದು, ಕೋಯಿಕ್ಕೋಡ್‌ನ ಟೇಬಲ್‌ಟಾಪ್ ರನ್‌ವೇಯಲ್ಲಿ ಅದೇ ಸಂಸ್ಥೆಯ ವಿಮಾನ ಮಳೆಯಲ್ಲಿ ಬಹುದೂರ ಸಾಗಿ ನೆಲ ಮುಟ್ಟಿತು. ಅಲ್ಲಿ 21 ಜೀವಗಳು ಹೋದವು.