ಆರ್‌ಒ ನೀರು: ಫ್ಲೋರೈಡ್‌ನೊಂದಿಗೆ ನಷ್ಟವಾಗುವ ಖನಿಜಗಳನ್ನು ಆಹಾರದಿಂದ ತುಂಬಿಕೊಳ್ಳಿ

ಕೋಲಾರ, ಚಿಕ್ಕಬಳ್ಳಾಪುರ ಮತ್ತು ತುಮಕೂರು ಜಿಲ್ಲೆಗಳ ಹಲವು ಗ್ರಾಮಗಳಲ್ಲಿ ಆಳದ ಕೊಳವೆಬಾವಿಗಳ ನೀರಿನ ಫ್ಲೋರೈಡ್ ಅಂಶವು ಲೀಟರಿಗೆ 1.5 ಮಿ.ಗ್ರಾಂ. ಗರಿಷ್ಠ ಮಿತಿಯನ್ನು ಮೀರಿದೆ. ಇಂತಹ ನೀರನ್ನು ದೀರ್ಘಕಾಲ ಸೇವಿಸಿದರೆ ಹಲ್ಲುಗಳಲ್ಲಿ ಕಂದು ಕಲೆ ಹಾಗೂ ಕೀಲುಗಳಲ್ಲಿ ಬಿಗಿತ ಉಂಟಾಗುತ್ತವೆ. ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ಆದ್ದರಿಂದ ಈ ಪ್ರದೇಶಗಳಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಅತ್ಯಗತ್ಯ. ಆದರೆ ಆರ್‌ಒ ಪೊರೆಯು ಫ್ಲೋರೈಡ್‌ನೊಂದಿಗೆ ದೇಹಕ್ಕೆ ಬೇಕಾದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅನ್ನೂ ಬಹುಪಾಲು ತೆಗೆದುಹಾಕುತ್ತದೆ.

ನಷ್ಟದ ಪ್ರಮಾಣ

ಲೀಟರಿಗೆ 75 ಮಿ.ಗ್ರಾಂ. ಕ್ಯಾಲ್ಸಿಯಂ ಇರುವ ನೀರನ್ನು ದಿನಕ್ಕೆ ಎರಡು ಲೀಟರ್ ಕುಡಿಯುವವರಿಗೆ 150 ಮಿ.ಗ್ರಾಂ. ಕ್ಯಾಲ್ಸಿಯಂ ದೊರೆಯುತ್ತದೆ. ವಯಸ್ಕರ ದೈನಂದಿನ ಅಗತ್ಯ ಸುಮಾರು 1000 ಮಿ.ಗ್ರಾಂ. ಹಾಲು, ಸೊಪ್ಪು ಯಥೇಚ್ಛವಾಗಿರುವ ಮನೆಗೆ ಈ ನಷ್ಟ ದೊಡ್ಡದಲ್ಲ. ಬರೀ ಅನ್ನ, ತಿಳಿಸಾರು ಉಣ್ಣುವ ಮನೆಗೆ ದೊಡ್ಡದು. ಆಹಾರದಲ್ಲಿ ಕ್ಯಾಲ್ಸಿಯಂ ಕೊರತೆಯಿದ್ದರೆ ಫ್ಲೋರೈಡ್‌ನಿಂದಾಗುವ ಮೂಳೆಯ ತೊಂದರೆಯೂ ಉಲ್ಬಣಿಸುತ್ತದೆ. ಖನಿಜರಹಿತ ನೀರಿನಲ್ಲಿ ಬೇಯಿಸಿದಾಗ ತರಕಾರಿಯಲ್ಲಿರುವ ಖನಿಜಗಳು ಹೆಚ್ಚಾಗಿ ನೀರಿಗೆ ಇಳಿಯುತ್ತವೆ.

ಆರ್‌ಒ ಎಲ್ಲಿ ಬೇಕು, ಎಲ್ಲಿ ಬೇಡ

ಟಿಡಿಎಸ್ ಮೀಟರ್ ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣವನ್ನಷ್ಟೇ ಅಂದಾಜಿಸುತ್ತದೆ; ಫ್ಲೋರೈಡ್ ಎಷ್ಟಿದೆ ಎಂಬುದನ್ನು ಹೇಳುವುದಿಲ್ಲ. ಅದರ ಅಂಕಿ ಕಡಿಮೆಯಾದಷ್ಟೂ ನೀರು ಉತ್ತಮ ಎಂಬುದು ತಪ್ಪು ಕಲ್ಪನೆ. ಟಿಡಿಎಸ್ 500 ಮಿ.ಗ್ರಾಂ. ಒಳಗಿದ್ದು, ಫ್ಲೋರೈಡ್ 1 ಹಾಗೂ ನೈಟ್ರೇಟ್ 45 ಮಿ.ಗ್ರಾಂ. ಮೀರದಿದ್ದರೆ ಸಾಮಾನ್ಯವಾಗಿ ಆರ್‌ಒ ಅಗತ್ಯವಿಲ್ಲ. ಶೋಧಿಸಿ, ಕುದಿಸಿ, ಆರಿಸಿ ಕುಡಿದರೆ ಸಾಕು.

ಅನುಸರಿಸಬೇಕಾದ ಕ್ರಮಗಳು

- ಯಂತ್ರ ಕೊಳ್ಳುವ ಮೊದಲು ತಾಲ್ಲೂಕು ಅಥವಾ ಜಿಲ್ಲಾ ಪ್ರಯೋಗಾಲಯದಲ್ಲಿ ನೀರನ್ನು ಪರೀಕ್ಷಿಸಿಕೊಳ್ಳಿ.
- ಫ್ಲೋರೈಡ್ ಮಿತಿ ಮೀರಿರುವೆಡೆ ಕುಡಿಯಲು ಮಾತ್ರವಲ್ಲದೆ ಅಡುಗೆಗೂ ಘಟಕದ ನೀರನ್ನೇ ಬಳಸಿ. ಖನಿಜ ಸೇರಲೆಂದು ಅದಕ್ಕೆ ಕೊಳವೆಬಾವಿ ನೀರನ್ನು ಬೆರೆಸಬೇಡಿ.
- ರಾಗಿಯನ್ನು ದಿನದ ಊಟದಲ್ಲಿ ಉಳಿಸಿಕೊಳ್ಳಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಕ್ಯಾಲ್ಸಿಯಂ ಇದ್ದು, ನೀರಿನಿಂದಾಗುವ ನಷ್ಟಕ್ಕಿಂತ ಇದು ಹೆಚ್ಚು. ಹಾಲು, ಮೊಸರು, ಎಳ್ಳು, ನುಗ್ಗೆ ಸೊಪ್ಪು ಸಹ ಉತ್ತಮ.
- ಸೊಪ್ಪು, ಕಾಳು ಬೇಯಿಸಿದ ನೀರನ್ನು ಚೆಲ್ಲಬೇಡಿ. ಬಸ್ಸಾರು ಮಾಡಿದರೆ ಅದರಲ್ಲಿನ ಖನಿಜಗಳು ಊಟಕ್ಕೇ ಮರಳುತ್ತವೆ.
- ಘಟಕದಿಂದ ಹೊರಬರುವ ತ್ಯಾಜ್ಯ ನೀರಿನಲ್ಲಿ ಲವಣ ಹಾಗೂ ಫ್ಲೋರೈಡ್ ಸಾಂದ್ರಗೊಂಡಿರುತ್ತವೆ. ಅದನ್ನು ಜಾನುವಾರುಗಳಿಗೆ ಕುಡಿಸಬೇಡಿ, ಕೈತೋಟಕ್ಕೆ ಹಾಯಿಸಬೇಡಿ. ಶೌಚಾಲಯಕ್ಕೆ, ನೆಲ ತೊಳೆಯಲು ಬಳಸಬಹುದು.

ವಿಸ್ತರಣಾ ಕಾರ್ಯಕರ್ತರು ನೀರಿನ ಪರೀಕ್ಷಾ ವರದಿಯನ್ನು ವಿವರಿಸುವಾಗ ಆ ಮನೆಯ ಊಟದ ಕುರಿತೂ ವಿಚಾರಿಸುವುದು ಸೂಕ್ತ. ಮಕ್ಕಳು, ಗರ್ಭಿಣಿಯರು ಹಾಗೂ ಹಾಲುಣಿಸುವ ತಾಯಂದಿರಿರುವ ಮನೆಗಳಿಗೆ ಈ ಮಾಹಿತಿ ಮೊದಲು ತಲುಪಬೇಕು.