ಅರ್ಜಿ ತುಂಬುವ ಮೊದಲು: ಯಾವ ಬ್ರೌಸರ್ ಬಳಸಬೇಕು?



ರಾಜ್ಯದ ಎಸ್‌ಎಸ್‌ಪಿ ಇರಲಿ, ಕೇಂದ್ರದ ಎನ್‌ಎಸ್‌ಪಿ ಇರಲಿ, ವಿದ್ಯಾರ್ಥಿವೇತನದ ಅರ್ಜಿಗಳೆಲ್ಲ ಈಗ ಆನ್‌ಲೈನ್‌ನಲ್ಲೇ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಆದಾಯ ಪ್ರಮಾಣಪತ್ರ ಎಲ್ಲವೂ ಬ್ರೌಸರ್ ಮೂಲಕವೇ ಹಾದುಹೋಗುತ್ತವೆ. ದಾನಿಗಳು ನೆಟ್ ಬ್ಯಾಂಕಿಂಗ್‌ನಲ್ಲಿ ಹಣ ಕಳಿಸುವಾಗಲೂ ಹೀಗೆಯೇ. ಆದ್ದರಿಂದ ಬ್ರೌಸರ್ ಆಯ್ಕೆಯ ಬಗ್ಗೆ ಕೆಲವು ಮಾತುಗಳನ್ನು ಇಲ್ಲಿ ತಿಳಿಸಬಯಸುತ್ತೇವೆ.

ಈ ವರದಿಯಲ್ಲಿ ನಾವು ಲೆಕ್ಕಪತ್ರವನ್ನು ಎಲ್ಲರ ಮುಂದೆ ಇಡುತ್ತೇವೆ. ಓಪನ್ ಸೋರ್ಸ್ ತಂತ್ರಾಂಶವೂ ಹಾಗೆಯೇ: ಅದರ ಕೋಡ್ ತೆರೆದಿರುತ್ತದೆ, ಬಲ್ಲವರು ಯಾರೂ ಪರಿಶೀಲಿಸಬಹುದು. ಕ್ರೋಮ್‌ಗೆ ಆಧಾರವಾದ ಕ್ರೋಮಿಯಂ ಓಪನ್ ಸೋರ್ಸ್ ಆದರೂ ಕ್ರೋಮ್ ಪೂರ್ತಿಯಾಗಿ ಹಾಗಲ್ಲ.

ನಮ್ಮ ಸಲಹೆ ಫೈರ್‌ಫಾಕ್ಸ್. ಲಾಭರಹಿತ ಸಂಸ್ಥೆಯಾದ ಮೊಜಿಲ್ಲಾ ಫೌಂಡೇಶನ್ನಿನ ಒಡೆತನದಲ್ಲಿರುವ ಈ ಬ್ರೌಸರ್‌ನ ಮೊದಲ ಆವೃತ್ತಿ 2004ರಲ್ಲಿ ಬಂತು. ವಿಂಡೋಸ್, ಲಿನಕ್ಸ್, ಮ್ಯಾಕ್, ಆಂಡ್ರಾಯ್ಡ್, ಐಫೋನ್ ಎಲ್ಲದರಲ್ಲೂ ಉಚಿತ, ಕನ್ನಡದಲ್ಲೂ ಲಭ್ಯ. ಒಂದು ಸೈಟ್‌ನ ಕುಕಿ ಇನ್ನೊಂದು ಸೈಟ್‌ವರೆಗೆ ನಿಮ್ಮನ್ನು ಹಿಂಬಾಲಿಸದಂತೆ ಅದು ತಡೆಯುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಯುಬ್ಲಾಕ್ ಒರಿಜಿನ್ ಎಂಬ ಜಾಹೀರಾತು ತಡೆಯನ್ನೂ ಸೇರಿಸಿಕೊಳ್ಳಬಹುದು. ಐಫೋನ್‌ನಲ್ಲಿ ಈ ಸೌಲಭ್ಯವಿಲ್ಲ. ಫೈರ್‌ಫಾಕ್ಸ್ ಕೂಡ ಬಳಕೆಯ ಕೆಲವು ಮಾಹಿತಿಯನ್ನು ಮೊಜಿಲ್ಲಾಗೆ ಕಳಿಸುತ್ತದೆ. ಬೇಡವಾದರೆ ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿ.

ಫೋನ್ ಮತ್ತು ಕಂಪ್ಯೂಟರ್ ಎರಡೂ ಇದ್ದವರು ಸಿಂಕ್ ಬಳಸಬಹುದು. ಉಳಿಸಿದ ಪಾಸ್‌ವರ್ಡ್‌ಗಳು ಎನ್‌ಕ್ರಿಪ್ಟ್ ಆಗಿಯೇ ಸಾಗುವುದರಿಂದ ಮೊಜಿಲ್ಲಾ ಕೂಡ ಅವನ್ನು ಓದಲಾರದು. ಆದರೆ ಮನೆಮಂದಿಗೆಲ್ಲ ಒಂದೇ ಫೋನ್ ಇದ್ದರೆ ಅದರಲ್ಲಿ ಸಿಂಕ್ ಬೇಡ. ಅಣ್ಣನ ಖಾತೆ ತಂಗಿಯ ಅರ್ಜಿಯೊಂದಿಗೆ ಬೆರೆತರೆ ತೊಂದರೆ.

ಕೆಲವು ಪೋರ್ಟಲ್‌ಗಳು ಫೈರ್‌ಫಾಕ್ಸ್‌ನಲ್ಲಿ ಸರಿಯಾಗಿ ತೆರೆಯದೇ ಹೋಗಬಹುದು. ಅಂಥ ಸಂದರ್ಭಕ್ಕೆ ಕ್ರೋಮಿಯಂ ಆಧಾರಿತ ಬ್ರೇವ್ ಒಂದನ್ನು ಇಟ್ಟುಕೊಳ್ಳಿ. ಇದೂ ಓಪನ್ ಸೋರ್ಸ್.

ಸೈಬರ್ ಸೆಂಟರ್‌ನಲ್ಲಿ ಅರ್ಜಿ ತುಂಬುವವರು ಗಮನಿಸಿ:

1. ಪ್ರೈವೇಟ್ ವಿಂಡೋ ತೆರೆದು ಕೆಲಸ ಮಾಡಿ. ಅದನ್ನು ಮುಚ್ಚಿದಾಗ ಹಿಸ್ಟರಿ, ಕುಕಿ ಅಳಿಯುತ್ತವೆ.
2. ಡೌನ್‌ಲೋಡ್ ಆದ ಪಿಡಿಎಫ್, ಸ್ಕ್ಯಾನ್ ಮಾಡಿದ ಆಧಾರ್ ಪ್ರತಿ ಮಾತ್ರ ಅಲ್ಲೇ ಉಳಿಯುತ್ತವೆ. ಅವನ್ನು ನೀವೇ ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿ.
3. ಪಾಸ್‌ವರ್ಡ್ ಉಳಿಸಬೇಕೇ ಎಂದು ಕೇಳಿದರೆ ಬೇಡ ಎನ್ನಿ.
4. ಲಾಗ್ ಔಟ್ ಆದ ಮೇಲೆಯೇ ಎದ್ದು ಬನ್ನಿ.

ಯಾವ ಬ್ರೌಸರ್ ಇದ್ದರೂ ನೀವಾಗಿಯೇ ಹೇಳಿಕೊಟ್ಟ ಒಟಿಪಿಯನ್ನು ಅದು ಕಾಪಾಡಲಾರದು. ವಿದ್ಯಾರ್ಥಿವೇತನ ಮಂಜೂರಾಗಿದೆ ಎಂದು ಕರೆ ಮಾಡಿ ಒಟಿಪಿ ಕೇಳುವವರನ್ನು ನಂಬಬೇಡಿ. ಕಂಪ್ಯೂಟರ್ ಬಲ್ಲ ಹಿರಿಯ ವಿದ್ಯಾರ್ಥಿಗಳು ತಮ್ಮ ಓಣಿಯ ಒಂದೆರಡು ಮನೆಗಳಿಗಾದರೂ ಇದನ್ನು ತೋರಿಸಿಕೊಡಬೇಕೆಂದು ವಿನಂತಿಸುತ್ತೇವೆ.