ಉಪವಾಸದ ನಡಿಗೆ: ಒಡಲ ಒಲೆಗೆ ಉರುವಲು ಎಲ್ಲಿಂದ?

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಹೊರಟರೆ ಸುಮಾರು 35 ಕಿ.ಮೀ. ದೂರದಲ್ಲಿ ಕಮಲಾಪುರ ಸಿಗುತ್ತದೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಏಕಾದಶಿಯ ದಿನ ಅಣ್ಣತಮ್ಮಂದಿರಿಬ್ಬರು ಈ ದಾರಿಯನ್ನು ನಡೆದೇ ಸಾಗುತ್ತಾರೆಂದು ಭಾವಿಸಿ. ಹಿಂದಿನ ರಾತ್ರಿ ಜೋಳದ ರೊಟ್ಟಿ, ತೊಗರಿಬೇಳೆ ಉಂಡು ಮಲಗಿದವರು. ಬೆಳಿಗ್ಗೆ ಇಬ್ಬರದೂ ಉಪವಾಸ. ತಮ್ಮ ಗಟ್ಟಿಮುಟ್ಟಾದ ಒಕ್ಕಲಿಗ. ಅಣ್ಣನಿಗೆ ಸಕ್ಕರೆ ಕಾಯಿಲೆ. ದಿನದ ಮಾತ್ರೆಯನ್ನು ಮರೆಯದೆ ನುಂಗಿಯೇ ಹೊರಟಿದ್ದಾನೆ.

ಏಳೆಂಟು ಗಂಟೆಯ ಈ ನಡಿಗೆಗೆ 60 ಕಿಲೋ ತೂಕದ ಒಂದು ದೇಹ ಸುಮಾರು 1,500 ಕ್ಯಾಲರಿ ಶಕ್ತಿಯನ್ನು ಉರಿಸಬೇಕು. ಹೊಟ್ಟೆಯಂತೂ ಖಾಲಿ. ಹಾಗಾದರೆ ಉರುವಲು ಎಲ್ಲಿಂದ ಬರುತ್ತದೆ?

ರಕ್ತದಲ್ಲಿ ಒಂದೇ ಚಮಚ

ವಯಸ್ಕನೊಬ್ಬನ ಇಡೀ ರಕ್ತದಲ್ಲಿರುವ ಗ್ಲೂಕೋಸ್ ಸುಮಾರು 5 ಗ್ರಾಂ ಮಾತ್ರ, ಒಂದು ಚಹಾ ಚಮಚದಷ್ಟು. ಮೆದುಳೊಂದೇ ದಿನಕ್ಕೆ ಸುಮಾರು 120 ಗ್ರಾಂ ಬೇಡುತ್ತದೆ. ಲೆಕ್ಕದ ಪ್ರಕಾರ ಕಲಬುರಗಿ ದಾಟುವಷ್ಟರಲ್ಲಿಯೇ ಈ ಗಂಟು ಕರಗಿಹೋಗಬೇಕು. ಆದರೆ ಹಾಗಾಗುವುದಿಲ್ಲ. ಖರ್ಚಾದಷ್ಟೂ ಹಿಂದಿನಿಂದ ತುಂಬಿಕೊಳ್ಳುತ್ತಿರುತ್ತದೆ.

ತುಂಬುವ ಈ ಕಣಜವನ್ನು ಗುರುತಿಸಿದವನು ಫ್ರಾನ್ಸಿನ ವಿಜ್ಞಾನಿ ಕ್ಲಾಡ್ ಬರ್ನಾರ್. ಬರೀ ಮಾಂಸ ತಿಂದ ನಾಯಿಯಲ್ಲಿ ಕೂಡ ಯಕೃತ್ತಿನಿಂದ ಹೊರಡುವ ರಕ್ತದಲ್ಲಿ ಸಕ್ಕರೆಯಿರುವುದನ್ನು ಆತ 1848ರಲ್ಲಿ ಕಂಡ. ಸಕ್ಕರೆ ತಿನ್ನದ ಪ್ರಾಣಿಯ ಒಡಲಲ್ಲೂ ಸಕ್ಕರೆ ತಯಾರಾಗುತ್ತದೆಂದರೆ ಆ ಕಾಲಕ್ಕೆ ಅದು ಸೋಜಿಗವೇ. 1857ರಲ್ಲಿ ಯಕೃತ್ತಿನಲ್ಲಿ ಅಡಗಿದ್ದ ಪಿಷ್ಟದಂಥ ಪದಾರ್ಥವನ್ನು ಬೇರ್ಪಡಿಸಿದ. ಅದೇ ಗ್ಲೈಕೋಜನ್.

ಉಂಡವನ ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ 300ರಿಂದ 400 ಗ್ರಾಂ ಗ್ಲೈಕೋಜನ್ ಇರುತ್ತದೆ. ಸ್ನಾಯುವಿನ ದಾಸ್ತಾನು ಆ ಸ್ನಾಯುವಿಗಷ್ಟೇ; ಗ್ಲೂಕೋಸ್ ಆಗಿ ಅದು ರಕ್ತಕ್ಕೆ ಇಳಿಯದು. ಯಕೃತ್ತಿನದು ಮಾತ್ರ ಇಡೀ ದೇಹಕ್ಕೆ. ಆದರೆ ಒಂದು ದಿನದ ಉಪವಾಸದಲ್ಲಿ ಅದೂ ಬಹುತೇಕ ಬರಿದಾಗುತ್ತದೆ.

ಆಗ ತೆರೆಯುವುದು ಹಗೇವು. ಹಿಂದೆ ಒಕ್ಕಲಿಗರು ಬರಗಾಲಕ್ಕೆಂದು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದಂತೆ ದೇಹವೂ ಕೊಬ್ಬನ್ನು ಕೂಡಿಟ್ಟಿರುತ್ತದೆ. ಒಂದು ಗ್ರಾಂ ಕೊಬ್ಬಿನಿಂದ 9 ಕ್ಯಾಲರಿ. ಇಡೀ ನಡಿಗೆಯನ್ನು ಕೊಬ್ಬಿನ ಮೇಲೆಯೇ ನಡೆದರೂ ಕರಗುವುದು ಪಾವು ಕಿಲೋಗಿಂತ ಕಡಿಮೆ. ಸಣಕಲ ದೇಹದಲ್ಲೂ ಹಲವು ಕಿಲೋ ಕೊಬ್ಬಿರುತ್ತದೆ.

ಯಾವ ಹೊತ್ತಿಗೆ ಯಾವ ಉರುವಲು ಎಂಬುದು ವೇಗವನ್ನೂ ಅವಲಂಬಿಸಿದೆ. ನಿಧಾನ ನಡಿಗೆಗೆ ಕೊಬ್ಬೇ ಮುಖ್ಯ. ವೇಗ ಹೆಚ್ಚಿದಂತೆ ಗ್ಲೈಕೋಜನ್ ಪಾಲು ಏರುತ್ತದೆ. ಬಸ್ ಹಿಡಿಯಲು ಹತ್ತು ಹೆಜ್ಜೆ ಓಡುವವನಿಗೆ ಕ್ರಿಯಾಟಿನ್ ಫಾಸ್ಫೇಟ್ ಒದಗುತ್ತದೆ. ಸ್ನಾಯುವಿನಲ್ಲಿ ಅದಿರುವುದನ್ನು 1927ರಲ್ಲಿ ಹಾರ್ವರ್ಡ್‌ನಲ್ಲಿ ಫಿಸ್ಕ್ ಜೊತೆಗೂಡಿ ತೋರಿಸಿಕೊಟ್ಟವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್.

ಬೀಗದ ಕೈ ಯಾರ ಬಳಿ?

ಈ ಕಣಜಗಳ ಬೀಗದ ಕೈ ಇರುವುದು ಮೇದೋಜೀರಕ ಗ್ರಂಥಿಯ ಬಳಿ. ಉಂಡಾಗ ಅದು ಇನ್ಸುಲಿನ್ ಸುರಿಸುತ್ತದೆ. ಇನ್ಸುಲಿನ್ ಸಕ್ಕರೆಯನ್ನು ಸ್ನಾಯುಗಳಿಗೆ ಸೇರಿಸಿ, ಯಕೃತ್ತಿನ ಕಣಜಕ್ಕೂ ಕೊಬ್ಬಿನ ಹಗೇವಿಗೂ ಬೀಗ ಹಾಕುತ್ತದೆ. ಹಸಿದಾಗ ಇನ್ಸುಲಿನ್ ಇಳಿದು ಗ್ಲುಕಗಾನ್ ಏರುತ್ತದೆ. ನಡೆಯತೊಡಗಿದರೆ ಅಡ್ರಿನಲಿನ್ ಕೂಡ ಕೈ ಜೋಡಿಸುತ್ತದೆ. ಬೀಗಗಳು ತೆರೆಯುತ್ತವೆ. ಕೊಬ್ಬಿನಿಂದ ಬಂದ ಗ್ಲಿಸರಾಲ್, ಸ್ನಾಯುವಿನಿಂದ ಬಂದ ಲ್ಯಾಕ್ಟಿಕ್ ಆಮ್ಲ ಮತ್ತು ಅಮೈನೋ ಆಮ್ಲಗಳನ್ನು ಬಳಸಿ ಯಕೃತ್ತು ಹೊಸದಾಗಿ ಗ್ಲೂಕೋಸ್ ತಯಾರಿಸುತ್ತದೆ.

ಉಪವಾಸ ದಿನಗಟ್ಟಲೆ ಮುಂದುವರಿದರೆ ಯಕೃತ್ತು ಕೊಬ್ಬಿನಿಂದ ಕೀಟೋನ್‌ಗಳನ್ನು ಮಾಡಿ ಮೆದುಳಿಗೂ ಒದಗಿಸುತ್ತದೆ. ಐದಾರು ವಾರ ಉಪವಾಸವಿದ್ದ ಸ್ಥೂಲಕಾಯರ ಮೆದುಳು ಹೆಚ್ಚಿನ ಪಾಲು ಕೀಟೋನ್ ಮೇಲೆಯೇ ನಡೆಯುತ್ತಿತ್ತೆಂದು ಅಮೆರಿಕದ ಜಾರ್ಜ್ ಕಾಹಿಲ್ ಮತ್ತು ಸಂಗಡಿಗರು 1967ರಲ್ಲಿ ತೋರಿಸಿದರು.

ತಮ್ಮನ ದೇಹದಲ್ಲಿ ಇವೆಲ್ಲ ಹೇಳಿಸಿಕೊಳ್ಳದೆಯೇ ನಡೆಯುತ್ತವೆ. ಅಣ್ಣನ ಗತಿ ಬೇರೆ.

ಬೆವರು ಬಿಸಿಲಿನದೇ?

ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಗಳು ಊಟವಿದ್ದರೂ ಇಲ್ಲದಿದ್ದರೂ ಇನ್ಸುಲಿನ್ ಸುರಿಯುವಂತೆ ಮಾಡುತ್ತವೆ. ಚುಚ್ಚಿಕೊಂಡ ಇನ್ಸುಲಿನ್ನೂ ಹಸಿವೆಯ ಮಾತು ಕೇಳುವುದಿಲ್ಲ. ಅಂದರೆ ಬೀಗ ತೆರೆಯಬೇಕಾದ ಹೊತ್ತಿನಲ್ಲಿ ಔಷಧ ಅದನ್ನು ಮುಚ್ಚಿ ಹಿಡಿದಿರುತ್ತದೆ. ಸಾಲದ್ದಕ್ಕೆ, ದುಡಿಯುವ ಸ್ನಾಯು ಇನ್ಸುಲಿನ್ ಹಂಗಿಲ್ಲದೆಯೂ ರಕ್ತದಿಂದ ಸಕ್ಕರೆ ಹೀರುತ್ತದೆ. ನಡಿಗೆ ಮಧುಮೇಹಿಗೆ ಮದ್ದು ಎನ್ನುವುದು ಇದರಿಂದಲೇ. ಆದರೆ ಉಪವಾಸ, ನಡಿಗೆ, ಮಾತ್ರೆ ಮೂರೂ ಒಂದೇ ದಿನ ಕೂಡಿದರೆ ಆ ಒಂದು ಚಮಚ ತಳ ಕಾಣಬಹುದು.

ಕೈ ನಡುಗುತ್ತದೆ, ಎದೆ ಡವಗುಟ್ಟುತ್ತದೆ, ಮೈಯೆಲ್ಲ ಬೆವರುತ್ತದೆ, ಮಾತು ತಡವರಿಸುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ ಸೀಮೆಯಲ್ಲಿ ಮೋಸವಾಗುವುದು ಇಲ್ಲಿಯೇ. "ಬಿಸಲ ಭಾಳ ಅದ ಅಣ್ಣಾ, ಜರಾ ನೆಳ್ಳಿಗಿ ಕುಂದ್ರು" ಎಂದು ತಮ್ಮ ಮರದ ನೆರಳು ತೋರಿಸಿಯಾನು. ನೆರಳಿನಿಂದ ಸಕ್ಕರೆ ಏರುವುದಿಲ್ಲ. ಅಂಥ ಹೊತ್ತಿನಲ್ಲಿ ಉಪವಾಸ ಬಿಟ್ಟು ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಬೇಕು; ಕಾಲು ಗಂಟೆಯಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ. ಎಚ್ಚರ ತಪ್ಪಿದವನ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಹಾಗೆಂದು ಹೆದರಿ ಇನ್ಸುಲಿನ್ ಪೂರಾ ನಿಲ್ಲಿಸುವುದೂ ಅಪಾಯ. ಇನ್ಸುಲಿನ್ನನ್ನೇ ನಂಬಿದ ರೋಗಿಯಲ್ಲಿ ಆಗ ಬೀಗಗಳೆಲ್ಲ ಒಟ್ಟಿಗೆ ಬಿಚ್ಚಿಕೊಂಡು, ಕೀಟೋನ್ ಮಿತಿಮೀರಿ ರಕ್ತ ಆಮ್ಲೀಯವಾಗುತ್ತದೆ. ಅದೂ ಪ್ರಾಣಕ್ಕೆ ಎರವಾಗಬಲ್ಲದು.

ಶ್ರಾವಣ ಸೋಮವಾರವಿರಲಿ, ಶಿವರಾತ್ರಿಯಿರಲಿ, ರಮಜಾನ್ ರೋಜಾ ಇರಲಿ, ಮಧುಮೇಹಿಗಳು ಮೊದಲೇ ವೈದ್ಯರನ್ನು ಕಂಡು ಮಾತ್ರೆಯ ಪ್ರಮಾಣ, ಹೊತ್ತು ಬದಲಿಸಿಕೊಳ್ಳುವುದು ಜಾಣತನ. ಕೆಲವರಿಗೆ ಉಪವಾಸವೇ ಬೇಡವೆಂದು ವೈದ್ಯರು ಹೇಳಬಹುದು. ರೋಗಿಗೂ ಪ್ರಯಾಣಿಕನಿಗೂ ರಮಜಾನ್ ಉಪವಾಸದಿಂದ ವಿನಾಯಿತಿಯನ್ನು ಕುರಾನ್ ಕೊಟ್ಟಿದೆ. ದೇವರಿಗೆ ಒಪ್ಪಿಗೆಯಾದದ್ದಕ್ಕೆ ಭಕ್ತ ಹಿಂಜರಿಯಬೇಕಿಲ್ಲ.

ಸಂಜೆ ಕಮಲಾಪುರದಲ್ಲಿ ತಮ್ಮ ಕೆಂಪು ಬಾಳೆಹಣ್ಣು ಸುಲಿದು ಫಲಾಹಾರಕ್ಕೆ ಕೂರುತ್ತಾನೆ. ಇನ್ಸುಲಿನ್ ಏರುತ್ತದೆ, ಬರಿದಾದ ಕಣಜ ಮತ್ತೆ ತುಂಬತೊಡಗುತ್ತದೆ. ಪಕ್ಕದಲ್ಲಿ ಅಣ್ಣನೂ ಕೂತು ಹಣ್ಣು ಸುಲಿಯಬೇಕಾದರೆ, ಬೆಳಿಗ್ಗೆ ಹೊರಡುವಾಗ ಅವನ ಜೇಬಿನಲ್ಲಿ ಒಂದು ಪೊಟ್ಟಣ ಸಕ್ಕರೆ, ತಮ್ಮನ ತಲೆಯಲ್ಲಿ ಇಷ್ಟು ತಿಳಿವಳಿಕೆ ಇರಬೇಕು.